ಅಮ್ಮನ ಟಿಕೆಟ್ಟಿನಲ್ಲಿ ಚಿಕ್ಕಮ್ಮ

ನಮ್ಮ ಚಿಕ್ಕಮ್ಮ ಮೂವತ್ತು ವರ್ಷ ನಮ್ಮಮ್ಮನ ಹೆಸರಿನಲ್ಲಿ ಕೆಲಸ ಮಾಡಿದಳು. ಹೀಗೆಂದರೆ ಹೊರಗಿನವರು ಹುಬ್ಬೇರಿಸುತ್ತಾರೆ. ತಮಿಳು ಸೀಮೆಯ ಪೆರಿಯನಾಯಕನಪಾಳ್ಯದ ಕಡೆ ನಾವಿದ್ದ ಬೀದಿಯಲ್ಲಿ ಆಗ ಅದನ್ನು ಯಾರೂ ಮೋಸ ಅಂದುಕೊಂಡಿರಲಿಲ್ಲ. ನೂಲಿನ ಮಿಲ್ಲಿನಲ್ಲಿ ಒಬ್ಬೊಬ್ಬರಿಗೂ ಒಂದು ಟಿಕೆಟ್, ಅಂದರೆ ಹಾಜರಿಯ ನಂಬರು. ಪರ್ಮನೆಂಟ್ ಟಿಕೆಟ್ ಬಂತೆಂದರೆ ಅದು ಇಡೀ ಮನೆಯ ಸ್ವತ್ತು. ಅಕ್ಕನಿಗೆ ಆಗದಿದ್ದರೆ ತಂಗಿ, ಅತ್ತೆಗೆ ಆಗದಿದ್ದರೆ ಸೊಸೆ. ಮೆಷಿನ್ನಿನ ಮುಂದೆ ಯಾರಾದರೊಬ್ಬರು ನಿಂತಿದ್ದರೆ ಮೇಸ್ತ್ರಿಗೆ ಸಾಕಿತ್ತು.

ನಾನು ಹೊಟ್ಟೆಯಲ್ಲಿದ್ದಾಗ ಅಮ್ಮ ಕಾಲು ಊದಿಕೊಂಡು ನಿಲ್ಲಲಾಗದೆ, ತನ್ನ ಬದಲು ತಂಗಿಯನ್ನು ಕೋನ್ ವೈಂಡಿಂಗ್ ವಿಭಾಗಕ್ಕೆ ಕಳಿಸಿದಳು. ಅಲ್ಲಿ ಹರಿದ ನೂಲನ್ನು ಗಂಟು ಹಾಕಿ ಕೋನಿಗೆ ಸುತ್ತಿಸುವ ಕೆಲಸ. ಮೂರು ತಿಂಗಳಿಗೆಂದು ಹೋದವಳು ಅಲ್ಲೇ ಉಳಿದಳು. ಮಿಲ್ಲಿನಲ್ಲಿ ಎಲ್ಲರೂ ಅವಳನ್ನು ಅಮ್ಮನ ಹೆಸರಿನಿಂದಲೇ ಕರೆದರು. ಮದುವೆಮನೆಯಲ್ಲಿ ಯಾರಾದರೂ ಆ ಹೆಸರು ಕೂಗಿದರೆ ಅಕ್ಕತಂಗಿ ಇಬ್ಬರೂ ತಿರುಗುತ್ತಿದ್ದರು, ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಅಮ್ಮ ಹೆತ್ತದ್ದು ನನ್ನೊಬ್ಬಳನ್ನೇ. ಮಿಲ್ಲಿನ ಕಡತದಲ್ಲಿ ಮಾತ್ರ ಅವಳಿಗೆ ಎರಡು ಹೆರಿಗೆ ರಜೆಗಳಿವೆ, ಎರಡೂ ಚಿಕ್ಕಮ್ಮನವು.

ಓದು ಮುಗಿದ ಮೇಲೆ ನಾನು ಅದೇ ಮಿಲ್ಲಿನ ಆಫೀಸು ಸೇರಿದೆ, ಆಳುಗಳ ಕಾಗದಪತ್ರ ನೋಡುವ ಕೆಲಸಕ್ಕೆ. ಸೇರಿದ ಹೊಸದರಲ್ಲೇ ಎಲ್ಲರ ಪಿ.ಎಫ್. ನಂಬರಿಗೆ ಆಧಾರ್ ಜೋಡಿಸಬೇಕೆಂದು ಆದೇಶ ಬಂತು. ಆಗಲೇ ಬಾಯಿಬಿಡಬೇಕಿತ್ತು. ನಾನೇನು ಮಾಡಿದೆ? ಮನೆಗೆ ಹೋಗಿ ಅಮ್ಮನ ಆಧಾರ್ ಕಾರ್ಡು ತಂದು, ಅಮ್ಮನ ಫೋನಿಗೆ ಬಂದ ಸಂಖ್ಯೆ ಕೇಳಿ, ನನ್ನ ಕೈಯಾರೆ ಜೋಡಿಸಿದೆ. ಹೆಸರಿಗೆ ಹೆಸರು ಹೊಂದಿತು. ಸದ್ಯ, ಪೀಡೆ ಕಳೆಯಿತು ಅಂದುಕೊಂಡೆ. ನನ್ನ ಬುದ್ಧಿಗಿಷ್ಟು!

ಅಷ್ಟರಲ್ಲಿ ಆಳು ಹಿಡಿಯುವ ರೀತಿಯೇ ಬದಲಾಗಿತ್ತು. ಗೇಟಿನಲ್ಲಿ ಮೇಸ್ತ್ರಿ ಮುಖ ನೋಡಿ ಒಳಗೆ ಬಿಡುವುದು ಹೋಗಿ, ಕಂಟ್ರಾಕ್ಟರು ವಾಟ್ಸಾಪಿನಲ್ಲಿ ಪಟ್ಟಿ ಕಳಿಸುವುದು ಬಂತು. ಒಡಿಶಾ, ಬಿಹಾರಗಳಿಂದ ಹುಡುಗಿಯರು ಬಂದು ಹಾಸ್ಟೆಲ್ ತುಂಬಿಕೊಂಡರು. ಅವರಿಗೆ ಗಂಟು ಹಾಕಲು ಕಲಿಸಿದವಳು ಚಿಕ್ಕಮ್ಮ. ಭಾಷೆ ಬರದು, ಕೈ ಹಿಡಿದು ಕಲಿಸುತ್ತಿದ್ದಳು. ವೈಂಡಿಂಗಿನಲ್ಲಿ ಪರ್ಮನೆಂಟ್ ಅಂತ ಉಳಿದವರು ಆರೇ ಜನ, ಅವರಲ್ಲಿ ಅವಳೊಬ್ಬಳು.

ಈಚೆಗೆ ಹೊಸ ಕಾನೂನು ಬಂತು. ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ ಕೊಡಲೇಬೇಕು. ಎಷ್ಟು ಒಳ್ಳೆಯದು, ನಾನೇ ಮೊದಲು ಖುಷಿಪಟ್ಟೆ. ಪತ್ರ ಕೊಡುವ ಮೊದಲು ಪ್ರತಿಯೊಬ್ಬರ ಮುಖವನ್ನೂ ಫೋನಿನಲ್ಲಿ ಆಧಾರಿನ ಜೊತೆ ತಾಳೆ ನೋಡಬೇಕೆಂದು ನಮ್ಮ ಮ್ಯಾನೇಜರು ಹೇಳಿದಾಗ ಪಟ್ಟಿಯಲ್ಲಿ ಅಮ್ಮನ ಹೆಸರು ಎಲ್ಲಿದೆ ಎಂದು ಹುಡುಕಿದೆ.

ಫೋನು ಹಿಡಿದವಳು ನಾನೇ. ಪಕ್ಕದಲ್ಲಿ ಮ್ಯಾನೇಜರು. ಚಿಕ್ಕಮ್ಮನ ಸರದಿ ಬಂತು. ಕಣ್ಣು ಮಿಟುಕಿಸು ಎಂದೆ, ಮಿಟುಕಿಸಿದಳು. ಕೆಂಪು ಗುರುತು. ಮತ್ತೊಮ್ಮೆ, ಮತ್ತೆ ಕೆಂಪು. ಮೂರನೆಯ ಸಲ ಅವಳು ತಲೆಯಿಂದ ಹತ್ತಿಯ ಧೂಳು ಕೊಡವಿ, ಸೆರಗಿನಿಂದ ಮುಖ ಒರೆಸಿಕೊಂಡು ನಿಂತಳು. ಆಗಲೂ ಅಷ್ಟೆ. ಮುದ್ದಿಗೆ ನನ್ನನ್ನು ಕಣ್ಣು ಅನ್ನುವ ಅವಳು, ಮ್ಯಾನೇಜರಿಗೆ ತಿಳಿಯದಿರಲೆಂದು ಕನ್ನಡದಲ್ಲಿ ಮೆಲ್ಲಗೆ ಕೇಳಿದಳು: "ಅಕ್ಕನ್ನ ಕರ್ಕೊಂಡ್ ಬರ್ಲಾ ಕಣ್ಣು?"

ಮ್ಯಾನೇಜರು ಆಧಾರ್ ಪ್ರತಿಯ ಫೋಟೋ ನೋಡಿದರು, ಅವಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಅಲ್ಲೇ ಎಲ್ಲವನ್ನೂ ಒಪ್ಪಿಕೊಂಡೆ.

ಅವರು ಕೆಟ್ಟವರಲ್ಲ. ಪೊಲೀಸಿಗೆ ಹೋಗುವುದಿಲ್ಲ, ನಿನ್ನ ಕೆಲಸಕ್ಕೂ ಕೈ ಹಾಕುವುದಿಲ್ಲ ಎಂದರು. ಆದರೆ ಆ ಟಿಕೆಟ್ ಅಂದೇ ಮುಚ್ಚಬೇಕೆಂದರು. ನಾನು ಪಿ.ಎಫ್. ಸಲಹೆಗಾರರ ಬಳಿ ಓಡಿದೆ. ತಿದ್ದುಪಡಿ ಅರ್ಜಿ ಅಂತ ಒಂದಿದೆಯಲ್ಲ, ಅದನ್ನು ಹಾಕೋಣ ಸಾರ್ ಎಂದು ಅಂಗಲಾಚಿದೆ. ಅವರು ಕನ್ನಡಕ ತೆಗೆದು ತಮಿಳಿನಲ್ಲಿ ಹೇಳಿದರು: "ಹೆಸರಲ್ಲಿ ಒಂದು ಅಕ್ಷರ ತಪ್ಪಿದ್ದರೆ ತಿದ್ದಬಹುದಮ್ಮ. ಆಳನ್ನೇ ತಿದ್ದಲು ಅರ್ಜಿ ಇಲ್ಲ."

ಅಂದು ಸಂಜೆ ಅಮ್ಮ ತಂಗಿಯ ಕೈ ಹಿಡಿದುಕೊಂಡು ಅತ್ತಳು. "ನನ್ ಹೆಸ್ರಲ್ಲಿ ಏನೇನ್ ಬರತ್ತೋ ಅಷ್ಟೂ ನಿಂಗೇ ಕಣೇ. ಒಂದ್ ಪೈಸಾ ಮುಟ್ಟಲ್ಲ, ದೇವ್ರಾಣೆ."

"ದುಡ್ಡಿನ್ ಪೇಚು ಬಿಡಕ್ಕಾ," ಅಂದಳು ಚಿಕ್ಕಮ್ಮ. ಪೇಚು ಅಂದರೆ ನಮ್ಮ ಮನೆಯ ಮಾತಿನಲ್ಲಿ ಮಾತು. ಆಮೇಲೆ ನನ್ನ ಕಡೆ ತಿರುಗಿದಳು. "ನೀ ಓದ್ದೋಳು, ನೀ ಹೇಳು. ಮೂವತ್ತ್ ವರ್ಷ ಆ ಮೆಷಿನ್ ಮುಂದೆ ನಿಂತೋಳು ನಾನಾ, ಇಲ್ಲಾ ನಿಮ್ಮಮ್ಮನಾ?"

ಕಾಗದದ ಪ್ರಕಾರ ಅಮ್ಮ. ಆ ಕಾಗದಕ್ಕೆ ಕೊನೆಯ ಮೊಳೆ ಹೊಡೆದವಳು ನಾನು. ನನ್ನ ಮೇಲೆ ನನಗೇ ಅಸಹ್ಯವಾಯಿತು. ಅವಳು ಬೈದಿದ್ದರೆ ಹಗುರವಾಗುತ್ತಿತ್ತು, ಬೈಯಲಿಲ್ಲ.

ಎರಡು ವಾರದ ಮೇಲೆ ಮ್ಯಾನೇಜರು ದಾರಿಯೊಂದು ತೋರಿಸಿದರು. ಅವಳ ಸ್ವಂತ ಹೆಸರಿನಲ್ಲಿ ಹೊಸದಾಗಿ ಸೇರಿಸಿಕೊಳ್ಳಬಹುದು, ಕಂಟ್ರಾಕ್ಟರ ಕೆಳಗೆ, ಮೊದಲಿಗೆ ಆರು ತಿಂಗಳು, ಕೆಲಸ ನೋಡಿ ಮುಂದಿನ ಮಾತು. ಐವತ್ತೊಂದು ವರ್ಷದವಳಿಗೆ ಇದೂ ಹೆಚ್ಚೇ ಎಂದರು. ಆ ಹುಡುಗಿಯರಿಗೆ ಕೈ ಹಿಡಿದು ಕಲಿಸಿದ್ದು ಇವಳೇ ಸಾರ್ ಎಂದೆ. ಗೊತ್ತಮ್ಮ, ಆದರೆ ಯಾವ ಹೆಸರಿನಲ್ಲಿ ಗೊತ್ತು ಅಂತ ಬರೆಯಲಿ, ಎಂದು ಕೈಚೆಲ್ಲಿದರು. ಚಿಕ್ಕಮ್ಮ ಒಪ್ಪಿದಳು, ಮನೆಯಲ್ಲಿ ಕೂತು ಗೊತ್ತಿಲ್ಲ ಎಂದಳು.

ಸೇರುವ ದಿನ ಅರ್ಜಿ ತುಂಬಿಸಲು ನನ್ನೆದುರು ಬಂದು ಕೂತಳು. ಹೆಸರು, ವಿಳಾಸ, ವಯಸ್ಸು ಕೇಳಿ ಟೈಪು ಮಾಡಿದೆ. ಮುಂದಿನ ಸಾಲು, ಹಿಂದಿನ ಕೆಲಸದ ಅನುಭವ. ಇಷ್ಟು ವರ್ಷ ಎಂದು ಬರೆದರೆ ಪುರಾವೆ ಲಗತ್ತಿಸಬೇಕು. ನನ್ನ ಬೆರಳು ಓಡಲಿಲ್ಲ. ಅವಳೇ "ಬರಿ, ಷಿಫ್ಟಿಗೆ ಹೊತ್ತಾಗತ್ತೆ" ಎಂದಳು. ಇಲ್ಲ ಎಂದು ಬರೆದೆ. ಅಚ್ಚಾಗಿ ಬಂದ ಹಾಳೆಯ ತಮಿಳು ಅಕ್ಷರಗಳನ್ನು ಬೆರಳಿಟ್ಟು ಓದುತ್ತ ಹೋದಳು. ಆ ಸಾಲಿನಲ್ಲಿ ಬೆರಳು ಸ್ವಲ್ಪ ಹೊತ್ತು ನಿಂತಿತು.

ಪೆನ್ನು ತೆಗೆದುಕೊಂಡು, ತೋರಿಸಿದ ಕಡೆ ಸರಸರನೆ ಸಹಿ ಹಾಕಿದಳು. ನೋಡಿದರೆ ಅಮ್ಮನ ಹೆಸರು. ಮೂವತ್ತು ವರ್ಷದಿಂದ ಆ ಮಿಲ್ಲಿನಲ್ಲಿ ಹಾಕಿದ ಸಹಿ ಅದೊಂದೇ. "ಅಯ್ಯೋ" ಎಂದು ಬಾಯಿಗೆ ಸೆರಗು ಹಿಡಿದುಕೊಂಡು, ತಪ್ಪು ಮಾಡಿದವಳಂತೆ ನನ್ನ ಮುಖ ನೋಡಿದಳು. ನಾನು ಆ ಹಾಳೆ ಹರಿದು, ಇನ್ನೊಂದು ಅರ್ಜಿ ತೆರೆದು, ಅನುಭವ ಇಲ್ಲ ಎಂದು ಎರಡನೆಯ ಸಲ ಬರೆದೆ.