ನಾಲ್ಕನೇ ಮಹಡಿಯಲ್ಲಿ ಬೆಳೆದ ನೂರು

ಗುಂಡಿ ಮಾಸ್ತರರ ಕೋಣೆಯಲ್ಲಿ ಬೆಳೆಯುವಂಥದ್ದು ಏನಾದರೂ ಇದ್ದರೆ ಅದು ಬಾಡಿಗೆಯ ದಂಡ ಒಂದೇ. ಮಕ್ಕಳಿಲ್ಲ, ಬೆಕ್ಕಿಲ್ಲ, ಕಿಟಕಿಯಲ್ಲಿಟ್ಟ ಗಿಡ ಬಂದ ವರ್ಷವೇ ಸಂನ್ಯಾಸ ತೆಗೆದುಕೊಂಡಿತ್ತು. ದಂಡ ಮಾತ್ರ ಅನ್ನ ನೀರು ಕೇಳದೆ, ಅತ್ತು ರಂಪ ಮಾಡದೆ, ಎಂಟು ತಿಂಗಳಲ್ಲಿ ಆಳೆತ್ತರ ಬೆಳೆದು ನಿಂತಿತು. ಹೀಗೊಂದು ಕೂಸು ಮನೆಯಲ್ಲಿದೆ ಎಂದು ಮಾಸ್ತರರಿಗೇ ಗೊತ್ತಿರಲಿಲ್ಲ.

ಅವರು ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಗುಂಡಿ ಹಚ್ಚುವವರು. ಕಾಲರಿನವರು, ತೋಳಿನವರು, ಜೇಬಿನವರು ಎಲ್ಲರೂ ಕಾದಾಡಿ ಬಿಟ್ಟ ಅಂಗಿ ಕೊನೆಗೆ ಇವರ ಮೇಜಿನ ಮೇಲೆ ಬಂದು ಶರಣಾಗತಿ ಬೇಡುತ್ತಿತ್ತು. ಯಂತ್ರಗಳ ಗದ್ದಲದಲ್ಲಿ ಮಾತಿಗೆ ಜಾಗವಿಲ್ಲ. ಸಂಜೆ ನಾಲ್ಕು ಮಹಡಿ ಹತ್ತಿ ಕೋಣೆ ಸೇರಿದರೆ ಮಾತಿಗೆ ಬೇಕಾದಷ್ಟು ಜಾಗ, ಆದರೆ ಕೇಳುವವರಿಲ್ಲ. ಹೀಗೆ ಹನ್ನೊಂದು ವರ್ಷ.

ಒಂದು ಕಿಟಕಿಯಿತ್ತು. ಕೆಳಗಿನ ಅಂಗಳದ ನಲ್ಲಿ ಅಲ್ಲಿಂದ ಕಾಣುತ್ತಿತ್ತು. ಹೆಸರಿನಿಂದ ಒಬ್ಬರ ಪರಿಚಯವೂ ಇಲ್ಲದ ಮಾಸ್ತರರು ಕಟ್ಟಡದ ಅಷ್ಟೂ ಜನರನ್ನು ಗುಂಡಿಗಳಿಂದ ಬಲ್ಲವರಾಗಿದ್ದರು. ಮೂರನೇ ಮಹಡಿಯ ಚಾಲಕನ ಅಂಗಿಯ ಮೇಲಿನ ಗುಂಡಿ ಕಪ್ಪು, ಉಳಿದವು ಬಿಳಿ. ಇಸ್ತ್ರಿ ಹಾಕುವ ಅಕ್ಕನ ತೋಳಿನ ಗುಂಡಿ ಒಂದೇ ಎಳೆಯ ಮೇಲೆ ಪ್ರಾಣ ಹಿಡಿದಿದೆ. ಎಷ್ಟೋ ಸಲ ಸೂಜಿ ದಾರ ಹಿಡಿದು ಇಳಿದುಬಿಡೋಣ ಎನಿಸಿತ್ತು. ಇಳಿದು ಏನೆನ್ನುವುದು ಎಂದು ಹೊಳೆಯದೆ ಕಿಟಕಿಯಲ್ಲೇ ಉಳಿದಿದ್ದರು. ಆ ಕಿಟಕಿ ಇಲ್ಲದಿದ್ದರೆ ಅವರಿಗೆ ಲೋಕವೇ ಇರಲಿಲ್ಲ.

ಬಾಡಿಗೆ ನಾಲ್ಕು ಸಾವಿರ. ಐದನೇ ತಾರೀಕಿನೊಳಗೆ ಕೊಡಬೇಕು, ತಪ್ಪಿದರೆ ದಿನಕ್ಕೆ ಐವತ್ತು ದಂಡ. ಹನ್ನೊಂದು ವರ್ಷ ಒಂದನೇ ತಾರೀಕಿಗೇ ಕೊಟ್ಟ ಮಹಾಶಯರು ಇವರು. ಎಂಟು ತಿಂಗಳ ಹಿಂದೆ ಕಾರ್ಖಾನೆಯವರು ಸಂಬಳವನ್ನು ಏಳನೇ ತಾರೀಕಿಗೆ ದೂಡಿದರು. ಮಾಸ್ತರರು ಏಳಕ್ಕೆ ಕೆಳಗಿನ ಆಫೀಸಿಗೆ ಹೋಗಿ, ಗುಮಾಸ್ತನ ಮುಂದೆ ನಾಲ್ಕು ಸಾವಿರದ ಲಕೋಟೆ ಇಟ್ಟು, ರಸೀದಿಯನ್ನು ಓದದೆ ಮಡಚಿ ಗುಂಡಿ ಡಬ್ಬಿಗೆ ಹಾಕಿದರು. ಎರಡು ದಿನದ ದಂಡ ಎಂದಾದರೂ ಕೇಳಿಯಾರು, ಆಗ ಎಸೆದರಾಯಿತು ಎಂಬ ರಾಜಠೀವಿ. ಯಾರೂ ಕೇಳಲಿಲ್ಲ. ಮುಂದಿನ ತಿಂಗಳೂ ಹಾಗೇ, ಅದರ ಮುಂದಿನದೂ ಹಾಗೇ.

ಎಂಟನೆಯ ಲಕೋಟೆ ಕೊಟ್ಟ ಮರುದಿನ ಬಾಗಿಲಿಗೆ ಚೀಟಿ ಅಂಟಿತ್ತು. ಬಾಕಿ ಹತ್ತು ಸಾವಿರದ ಆರುನೂರು. ಶನಿವಾರದೊಳಗೆ ಕಟ್ಟದಿದ್ದರೆ ಕೋಣೆ ಖಾಲಿ ಮಾಡತಕ್ಕದ್ದು.

ಮಾಸ್ತರರು ಗುಂಡಿ ಡಬ್ಬಿಯನ್ನು ಗದೆಯಂತೆ ಹೆಗಲಿಗೇರಿಸಿ ಆಫೀಸಿಗೆ ಇಳಿದರು.

"ಒಂದು ತಿಂಗಳೂ ತಪ್ಪಿಸಿಲ್ಲ ನಾನು. ಎಂಟು ರಸೀದಿ ಇದೆ, ಎಣಿಸ್ಕೊಳ್ಳಿ."

"ಎಣಿಸೋದು ಬೇಡ, ಓದಿ," ಎಂದ ಗುಮಾಸ್ತ. "ಬಂದ ದುಡ್ಡಲ್ಲಿ ಮೊದಲು ದಂಡ ಮುರ್ಕೋತೀವಿ, ಉಳಿದದ್ದು ಬಾಡಿಗೆಗೆ. ಮೊದಲನೇ ಸಲ ನೂರು ದಂಡಕ್ಕೆ ಹೋಯ್ತು. ಬಾಡಿಗೇಲಿ ನೂರು ಬಾಕಿ ಉಳೀತು. ಬಾಕಿ ಇರೋವರೆಗೂ ದಿನಕ್ಕೆ ಐವತ್ತು ಓಡ್ತಾನೇ ಇರುತ್ತೆ. ತಿಂಗಳಿಗೆ ಒಂದೂವರೆ ಸಾವಿರ ಆಯ್ತಲ್ಲ. ಮುಂದಿನ ಲಕೋಟೇಲಿ ಅದನ್ನೂ ಮುರ್ಕೊಂಡ್ವಿ, ಬಾಡಿಗೆ ಬಾಕಿ ಸಾವಿರದ ಆರುನೂರಾಯ್ತು. ಹೀಗೇ ಎಂಟು ತಿಂಗಳು."

"ನೂರಕ್ಕೆ ಇಷ್ಟು ಸಂತಾನವೇ?"

"ಸಂಸಾರಸ್ಥ ನೂರು, ಸಾರ್."

ಬಾಗಿಲಲ್ಲಿ ಇಸ್ತ್ರಿ ಅಕ್ಕ ನಿಂತಿದ್ದಳು. ಅವಳ ಒಂದು ಕೈಯಲ್ಲಿ ಬಾಡಿಗೆ, ಇನ್ನೊಂದು ಕೈಯಲ್ಲಿ ಬೇರೆಯಾಗಿ ಮೂರು ಐವತ್ತರ ನೋಟು.

"ದಂಡ ಬೇರೆ ಇಡಬೇಕು ಅಂತ ನಿಮಗೆ ಯಾರೂ ಹೇಳಲಿಲ್ವಾ ಮಾಸ್ತರೇ? ಮೇಲಿಂದ ಕೆಳಗಿನವರೆಗೂ ಎಲ್ಲರಿಗೂ ಗೊತ್ತು. ಮೆಟ್ಟಿಲ ಮೇಲೆ ದಿನಾ ಇದೇ ಪುರಾಣ."

ಮಾಸ್ತರರು ನೆನಪಿಸಿಕೊಂಡರು. ಮೆಟ್ಟಿಲ ಮೇಲೆ ಜನ ಕೂತಿರುತ್ತಿದ್ದರು, ನಿಜ. ಇವರು ಬಂದರೆ ಕಾಲು ಮಡಚಿ ದಾರಿ ಬಿಡುತ್ತಿದ್ದರು, ಮಾತು ನಿಲ್ಲಿಸುತ್ತಿದ್ದರು. ಅದು ಗೌರವ ಎಂದುಕೊಂಡು ಇವರು ಹನ್ನೊಂದು ವರ್ಷ ದಾಟಿ ಹೋಗಿದ್ದರು.

"ನಿಮ್ಮನ್ನ ಕಂಡ್ರೆ ಹೆಡ್‌ಮಾಸ್ತರನ್ನ ಕಂಡ ಹಾಗೆ," ಎಂದಳು ಅಕ್ಕ. "ಯಾರು ಬಾಯಿ ಬಿಡ್ತಾರೆ?"

ಕೋಣೆಗೆ ಬರುವಾಗ ಕೊಟ್ಟ ಹನ್ನೆರಡು ಸಾವಿರ ಮುಂಗಡ ಗುಮಾಸ್ತನ ಬಳಿ ಇತ್ತು. ಅದರಲ್ಲಿ ಬಾಕಿ ಮುರಿದು ಸಾವಿರದ ನಾನೂರು ಉಳಿಯಿತು. ಅಷ್ಟು ಮುಂಗಡಕ್ಕೆ ಸಿಗುವಂಥದ್ದು ಮೆಟ್ಟಿಲ ಕೆಳಗಿನ ಗೂಡು ಒಂದೇ. ಶನಿವಾರ ಮಾಸ್ತರರು ಟ್ರಂಕು, ಹಾಸಿಗೆ, ಗುಂಡಿ ಡಬ್ಬಿಗಳ ಸಮೇತ ಅಲ್ಲಿಗೆ ರಾಜಧಾನಿ ಬದಲಾಯಿಸಿದರು. ಕಿಟಕಿ ಇಲ್ಲ. ತಲೆಯ ಮೇಲೆ ಹೆಜ್ಜೆಗಳು ಹತ್ತುತ್ತವೆ, ಇಳಿಯುತ್ತವೆ, ಗುಂಡಿಗಳು ಕಾಣುವುದಿಲ್ಲ. ಮೆಟ್ಟಿಲ ಮೇಲಿನ ಮಾತು ಈಗ ಅಷ್ಟೂ ಕೇಳುತ್ತದೆ. ಅದರಲ್ಲಿ ಅವರ ಮಾತಿಲ್ಲ.

ನಾಲ್ಕನೇ ಮಹಡಿಗೆ ಹೊಸಬನೊಬ್ಬ ಬಂದ. ಕಿವಿಯಲ್ಲಿ ಸದಾ ವೈರು, ಯಾರ ಮುಖವನ್ನೂ ನೋಡುವವನಲ್ಲ. ಮುಂದಿನ ಏಳನೇ ತಾರೀಕಿನ ಸಂಜೆ ಅವನು ಲಕೋಟೆ ಹಿಡಿದು ಇಳಿಯುವಾಗ ಮಾಸ್ತರರು ಗೂಡಿನ ಬಾಗಿಲಲ್ಲಿ ನಿಂತಿದ್ದರು.

"ದಂಡ ಬೇರೆ ಇಡಿ," ಎಂದರು.

ಅವನು ವೈರು ತೆಗೆಯದೆ ತಲೆಯಾಡಿಸಿ ಆಫೀಸಿನೊಳಗೆ ಹೋದ. ಮಾಸ್ತರರು ಗೂಡಿನೊಳಗೆ ಹೋಗಲಿಲ್ಲ. ಅವನು ರಸೀದಿ ಮಡಚುತ್ತ ಹೊರಬಂದಾಗ ಮೆಟ್ಟಿಲಿಗೆ ಅಡ್ಡವಾಗಿ ನಿಂತಿದ್ದರು. ಅವನ ಅಂಗಿಯ ಎರಡನೇ ಗುಂಡಿ ಹೋಗಿತ್ತು.

"ಆ ರಸೀದಿ ಓದಪ್ಪ," ಎಂದರು. "ಓದೋವರೆಗೂ ದಾರಿ ಬಿಡಲ್ಲ ನಾನು."

ಅವನು ಒಂದು ಕಿವಿಯ ವೈರು ಕಿತ್ತ. "ಏನಂದ್ರಿ?"