ಏಳಲೊಲ್ಲದ ಅತ್ತೆ, ಎಬ್ಬಿಸುವ ಬೆಲ್ಟಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಎರಡನೇ ಮಹಡಿಯ ಉದ್ದನೆಯ ವಾರ್ಡಿನಲ್ಲಿ ಒಬ್ಬರ ಗೊರಕೆಗೆ ಇನ್ನೊಬ್ಬರ ಕೆಮ್ಮು ಉತ್ತರ ಕೊಡುತ್ತಿದೆ. ಕಿಟಕಿ ಪಕ್ಕದ ಮಂಚದ ಬುಡದಲ್ಲಿ ನೀಲಿ ಸಮವಸ್ತ್ರದ ಹೆಂಗಸೊಬ್ಬಳು ಮೊಣಕಾಲೂರಿ ಕೂತು, ಒಬ್ಬ ಮುದುಕರ ಬೂಟಿನೊಳಗೆ ಕೈ ತೂರಿಸಿದ್ದಾಳೆ. ತುದಿಯವರೆಗೂ ತಡಕಾಡಿ ಒಂದು ಬಾಟಲಿ ಮುಚ್ಚಳವನ್ನು ಹೊರಗೆ ತೆಗೆಯುತ್ತಾಳೆ. ಬೂಟಿನ ಯಜಮಾನರು ಲಾರಿ ಓಡಿಸಿ ನಿವೃತ್ತರಾದವರು, ವಾರ್ಡಿಗೆಲ್ಲ ಲಾರಿ ತಾತ. ಇದರ ಮೇಲೆ ನಿಂತಿದ್ದರೆ ನಿಮಗೆ ತಿಳಿಯುತ್ತಿತ್ತೇ ಎಂದು ಆಕೆ ಕೇಳಿದರೆ, ತಾತ ಇಲ್ಲವೆಂದು ತಲೆಯಾಡಿಸುತ್ತಾರೆ. ಸಕ್ಕರೆ ಕಾಯಿಲೆ ಮೈಸೇರಿ ವರ್ಷಗಳಾದ ಮೇಲೆ ಅವರ ಪಾದಗಳು ಅವರೊಂದಿಗೆ ಮಾತು ಬಿಟ್ಟಿವೆ.

ಇದು ಬಿದ್ದು ಮೂಳೆ ಮುರಿದುಕೊಂಡ ವೃದ್ಧರ ವಾರ್ಡು. ಆಪರೇಷನ್ ಮುಗಿದವರು ಇಲ್ಲಿ ಮತ್ತೆ ನಡೆಯಲು ಕಲಿಯುತ್ತಾರೆ. ವ್ಯಾಯಾಮ ಹೇಳಿಕೊಡಲು ಫಿಸಿಯೋ ಮೇಡಂ ಬರುತ್ತಾರೆ, ಹೋಗುತ್ತಾರೆ. ಹೇಳಿದ್ದನ್ನು ಬೆಳಿಗ್ಗೆ, ಸಂಜೆ ಬಿಡದೆ ಮಾಡಿಸುವವಳು ಮಾತ್ರ ಈ ಆಯಾ. ಹಾಸಿಗೆ ಬದಲಿಸುವುದು, ಮೈ ಒರೆಸುವುದು, ನೆಲ ಒದ್ದೆಯಾದರೆ ಯಾರಾದರೂ ಜಾರುವ ಮೊದಲೇ ಬಟ್ಟೆ ಹಿಡಿದು ಓಡುವುದು, ಇವೂ ಅವಳವೇ. ಸೊಂಟದಲ್ಲಿ ಸದಾ ನೇತಾಡುವ ಅಗಲ ಪಟ್ಟಿಯೊಂದರಿಂದಾಗಿ ಅವಳಿಗೆ ಬೆಲ್ಟಕ್ಕ ಎಂಬ ಹೆಸರು ಬಿದ್ದಿದೆ. ಅದು ರೋಗಿಗಳಿಗೆ ಕಟ್ಟುವ ಬೆಲ್ಟು. ಹಿಡಿದುಕೊಳ್ಳಲು ಎರಡೂ ಬದಿಗೆ ದಪ್ಪ ಹಿಡಿಗಳನ್ನು ತಾನೇ ಹೊಲಿದುಕೊಂಡಿದ್ದಾಳೆ.

"ಕೈ ಹಿಡಿದ್ರೆ ಪೂರ್ತಿ ಭಾರ ನನ್ನ ಮೇಲೆ ಬಿಡ್ತಾರೆ. ಸೊಂಟ ಹಿಡಿದ್ರೆ ಅವರ ಕಾಲ ಮೇಲೆ ಅವರೇ ನಿಲ್ತಾರೆ. ನಾನು ಬರೀ ಜೊತೆಗಿರ್ತೀನಿ ಅಷ್ಟೇ" ಎನ್ನುತ್ತಾಳೆ.

ಅವಳದು ಒಂದು ಕ್ರಮ. ಮೊದಲು, ಏನು ತಿಂದಿರಿ ಎಂಬ ಪ್ರಶ್ನೆ. ತಿಂದಿಲ್ಲ ಎಂದವರಿಗೆ ಏಳುವ ಭಾಗ್ಯವಿಲ್ಲ. ಯಾಮಾರಿಸಲು ಹೋದರೆ ತಟ್ಟೆಯನ್ನೇ ತಂದು ನೋಡುತ್ತಾಳೆ. ಆಮೇಲೆ ಮಂಚದ ಅಂಚಿನಲ್ಲಿ ಕೂರಿಸಿ, ಕಾಲು ಇಳಿಬಿಡಿಸಿ, ತಲೆಸುತ್ತು ಇಲ್ಲವೆಂದು ಗೊತ್ತಾಗುವ ತನಕ ಅವರ ಮೊಮ್ಮಕ್ಕಳ ವಿಚಾರವೋ ಹಲ್ಲಿನ ಸೆಟ್ಟಿನ ವಿಚಾರವೋ ಮಾತಾಡುತ್ತಾಳೆ. ಕೊನೆಗೆ ಒಂದೇ ಮಾತು: "ಏಳಿ." ಆ ದನಿಯಲ್ಲಿ ಗದರಿಕೆಯೂ ಇಲ್ಲ, ಗೋಗರೆತವೂ ಇಲ್ಲ. ಬಸ್ಸು ಬಂತು, ಹತ್ತಿ ಎಂದಷ್ಟು ಸಲೀಸು. ಎಂಥ ಮೊಂಡರೂ ಎದ್ದು ನಿಲ್ಲುತ್ತಾರೆ.

ಅವಳು ಈ ಕೆಲಸಕ್ಕೆ ಬಂದಿದ್ದು ಹಟ ಹಿಡಿದೇನೂ ಅಲ್ಲ. ಗಂಡನದು ಗಡಿಯಾರ ರಿಪೇರಿಯ ಪುಟ್ಟ ಅಂಗಡಿ. ಜನ ಫೋನಿನಲ್ಲೇ ಹೊತ್ತು ನೋಡಲು ಶುರುಮಾಡಿದ ಮೇಲೆ ಅಂಗಡಿಯಲ್ಲಿ ನೊಣ ಹೊಡೆಯುವ ಸ್ಥಿತಿ ಬಂತು. ಎರಡು ಮಕ್ಕಳು ಇನ್ನೂ ಚಿಕ್ಕವು. ಹೋಗಲೋ ಬೇಡವೋ ಎಂದು ಅವಳು ಮೀನಮೇಷ ಎಣಿಸುತ್ತಿದ್ದಾಗ ಅತ್ತೆಯೇ ಅವಳ ಕೈಗೆ ಊಟದ ಡಬ್ಬಿ ಕೊಟ್ಟು ಹೊರಗೆ ಕಳಿಸಿದರಂತೆ. ಮಕ್ಕಳ ಜ್ವರ, ಶಾಲೆ, ಜಗಳ ಎಲ್ಲವನ್ನೂ ಅತ್ತೆಯೇ ನಿಭಾಯಿಸಿದರು. "ಹೆತ್ತವಳು ನಾನು, ಸಾಕಿದವರು ಅವರು" ಎನ್ನುತ್ತಾಳೆ ಬೆಲ್ಟಕ್ಕ. ದಿನಕ್ಕೆ ಎಂಟು ಹತ್ತು ಜನರನ್ನು ಎಬ್ಬಿಸಿ ಕೂರಿಸುವ ಅವಳ ಸೊಂಟ ಸಂಜೆಯ ಹೊತ್ತಿಗೆ ಮುಷ್ಕರ ಹೂಡುತ್ತದೆ. ಅದಕ್ಕೆ ಬಿಸಿನೀರಿನ ಚೀಲ ಇಡುತ್ತಿದ್ದವರೂ ಅತ್ತೆಯೇ.

ಆ ಅತ್ತೆಗೂ ಸಕ್ಕರೆ ಕಾಯಿಲೆ. ಭಾನುವಾರ ಬೆಳಿಗ್ಗೆ ಸೊಸೆ ಬೆರಳು ಚುಚ್ಚಿ ಮನೆಯ ಮಷೀನಿನಲ್ಲಿ ನೋಡುವುದು ವಾಡಿಕೆ. ಅಂಕಿ ಕಡಿಮೆ ಬಂದರೆ ಅವಳಿಗೆ ಹಿಗ್ಗು. ಎದುರು ಮನೆಗೆ, ಮೇಲಿನ ಮನೆಗೆ, ಕೊನೆಗೆ ಹಾಲಿನವನಿಗೂ, ನಮ್ಮತ್ತೆ ಈ ಸಲವೂ ಫಸ್ಟ್ ಕ್ಲಾಸು ಎಂದು ಸಾರಿ ಬರುತ್ತಿದ್ದಳು. ಅತ್ತೆ ಮೇಲೆ ಮೇಲೆ ಮುಖ ಗಂಟಿಕ್ಕಿದರೂ ಒಳಗೊಳಗೇ ಉಬ್ಬುತ್ತಿದ್ದರು. ಹಿಂದೊಮ್ಮೆ ತೆಗೆಸಿದ ಮೂಳೆಯ ಸ್ಕ್ಯಾನಿನಲ್ಲೂ ವಯಸ್ಸಿಗೆ ತಕ್ಕಂತೆ ಚೆನ್ನಾಗಿದೆ ಎಂದೇ ಬಂದಿತ್ತು. ಇನ್ನೇನು ಬೇಕು ಎಂದುಕೊಂಡರು ಎಲ್ಲರೂ.

ಮೂರು ತಿಂಗಳ ಹಿಂದೆ, ಒಂದು ಭಾನುವಾರದ ನಸುಕಿನಲ್ಲಿ, ಅತ್ತೆ ಬಚ್ಚಲಿಗೆಂದು ಎದ್ದವರು ಬಾಗಿಲ ಬಳಿ ಕುಸಿದರು. ಬಿದ್ದಿದ್ದು ಮೆತ್ತಗೆ, ಗೋಡೆಗೆ ಒರಗಿಕೊಂಡೇ. ಆದರೂ ಸೊಂಟದ ಬಳಿ ತೊಡೆಯ ಮೂಳೆ ಮುರಿದಿತ್ತು. ವಾರ್ಡಿನಲ್ಲಿ ದಿನವೂ ನೋಡುವುದು ತನ್ನ ಮನೆಯ ನೆಲದ ಮೇಲೆ ಮಲಗಿದಾಗ ಕಲಿತದ್ದೆಲ್ಲ ಮರೆತುಹೋಯಿತು ಎನ್ನುತ್ತಾಳೆ ಬೆಲ್ಟಕ್ಕ.

ಹಿಂದಿನ ರಾತ್ರಿ ಏನು ತಿಂದಿದ್ದಿರಿ ಎಂದು ವೈದ್ಯೆ ಕೇಳಿದಾಗ ಅತ್ತೆ ಕೊಟ್ಟ ಉತ್ತರ ಬೆಲ್ಟಕ್ಕನಿಗೆ ಇನ್ನೂ ಬಾಯಿಪಾಠ. "ಬೆಳಿಗ್ಗೆ ಟೆಸ್ಟ್ ಇತ್ತಲ್ಲ ಡಾಕ್ಟ್ರೇ, ಅದಕ್ಕೇ ಊಟ ಬಿಟ್ಟೆ. ಮಾತ್ರೆ ಮಾತ್ರ ನುಂಗಿದ್ದೆ. ನಮ್ಮ ಸೊಸೆ ನಾಲ್ಕು ಜನರ ಹತ್ರ ಹೇಳ್ಕೊಂಡಿರ್ತಾಳೆ, ಅವಳ ಮುಖ ಉಳೀಬೇಕಲ್ಲ."

ಎಷ್ಟೋ ಶನಿವಾರಗಳಿಂದ ಅದು ಹೀಗೆಯೇ ನಡೆದಿತ್ತು. ಬಡಿಸಿಕೊಂಡ ಊಟವನ್ನು ಯಾರೂ ನೋಡದಾಗ ಪಾತ್ರೆಗೆ ವಾಪಸು ಹಾಕಿ, ಮಾತ್ರೆ ನುಂಗಿ ಮಲಗುತ್ತಿದ್ದರು. ಆ ನಸುಕಿನಲ್ಲಿ ಸಕ್ಕರೆ ತೀರಾ ಇಳಿದು ಕಣ್ಣು ಕತ್ತಲೆಗಟ್ಟಿತ್ತು. ವೈದ್ಯೆ ಬಿಡಿಸಿ ಹೇಳಿದರು: ಈ ಕಾಯಿಲೆ ಹಳೆಯದಾದಾಗ ಮೂಳೆ ಸ್ಕ್ಯಾನಿನಲ್ಲಿ ಚೆನ್ನಾಗಿ ಕಂಡರೂ ಒಳಗಿನ ಗಟ್ಟಿತನ ಕಡಿಮೆಯಾಗಿರಬಹುದು, ಸಣ್ಣ ಪೆಟ್ಟಿಗೂ ಮುರಿಯಬಹುದು, ಮುರಿದದ್ದು ಕೂಡಿಕೊಳ್ಳಲು ಹೆಚ್ಚು ದಿನ ಹಿಡಿಯಬಹುದು. ಮಂಜಾದ ಕಣ್ಣು, ಜೋಮು ಹಿಡಿದ ಪಾದ, ಹೊಟ್ಟೆಗಿಲ್ಲದೆ ಮಾತ್ರೆ ನುಂಗಿದಾಗ ಬರುವ ತಲೆಸುತ್ತು ಸೇರಿದರೆ ಬೀಳುವ ಸಂದರ್ಭಗಳೂ ಹೆಚ್ಚು. ಬೆಲ್ಟಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. ಮನಸ್ಸಿನಲ್ಲಿ ಉಳಿದದ್ದು ಮಾತ್ರ ತಾನು ಬೀದಿಗೆಲ್ಲ ಹಂಚಿದ ಫಸ್ಟ್ ಕ್ಲಾಸು.

ಆಪರೇಷನ್ ಆಯಿತು. ಬೆಲ್ಟಕ್ಕನ ವಾರ್ಡಿನಲ್ಲಿ ಮಂಚ ಖಾಲಿಯಿರಲಿಲ್ಲ, ಆಸ್ಪತ್ರೆಯ ಕೆಳಗಿನ ಮಹಡಿಯಲ್ಲಿದ್ದು ನಾಲ್ಕು ಹೆಜ್ಜೆ ಹಾಕಿದ ಅತ್ತೆ ಮನೆಗೆ ಬಂದವರೇ ಮಲಗಿಬಿಟ್ಟರು. ಬೆಲ್ಟಕ್ಕ ಅವರನ್ನು ಅಂಗೈಯಲ್ಲಿಟ್ಟು ನೋಡಿಕೊಂಡಳು, ತಪ್ಪಾದದ್ದೂ ಅಲ್ಲೇ. ನೀರು, ತಿಂಡಿ, ಬಾಚಣಿಗೆ ಎಲ್ಲ ಹಾಸಿಗೆಗೇ ಬಂತು. ಏಳಿ ಎಂದು ಹೇಳುವ ಬದಲು ಅವಳು ಬೇಡಿಕೊಳ್ಳುತ್ತಿದ್ದಳು, ಬೇಡಿಕೊಳ್ಳುವಾಗ ಅಳುತ್ತಿದ್ದಳು. ಅತ್ತೆ ಗೋಡೆ ಕಡೆ ತಿರುಗಿ, ನಾಳೆ ನೋಡೋಣ ಅನ್ನುತ್ತಿದ್ದರು. ವಾರ್ಡನ್ನೆಲ್ಲ ನಡೆಸುವವಳಿಗೆ ಮನೆಯಲ್ಲಿ ಯಾರೂ ಸೊಪ್ಪು ಹಾಕುವುದಿಲ್ಲ ಎಂದು ಗಂಡ ತಮಾಷೆ ಮಾಡಿ ನೋಡಿದ. ನಗಲು ಯಾರಿಗೂ ಆಗಲಿಲ್ಲ. ಇನ್ನೂ ತಡಮಾಡಿದರೆ ಕಾಲಿನ ಶಕ್ತಿ ಪೂರ್ತಿ ಹೋಗಿ ಹಾಸಿಗೆಯೇ ಗತಿಯಾದೀತು ಎಂದು ವೈದ್ಯೆ ಮುಚ್ಚುಮರೆಯಿಲ್ಲದೆ ಹೇಳಿದರು.

ಕಳೆದ ವಾರ ತಪಾಸಣೆಗೆ ಬಂದಾಗ ವೈದ್ಯೆ ಬರುವುದು ತಡವಾಯಿತು. ಅತ್ತೆಯನ್ನು ಗಾಲಿಕುರ್ಚಿಯಲ್ಲಿ ವಾರ್ಡಿನ ಬಾಗಿಲಲ್ಲಿ ಬಿಟ್ಟು ಬೆಲ್ಟಕ್ಕ ಕೆಲಸಕ್ಕೆ ನಿಂತಳು. ಅಂದು ಲಾರಿ ತಾತನ ಮೊದಲ ಹೆಜ್ಜೆ. ಇಷ್ಟೆತ್ತರದ ಆಳು ಮಗುವಿನಂತೆ ನಡುಗುತ್ತಿದ್ದರು. ಬೆಲ್ಟಕ್ಕ ಬೂಟು ತಡಕಿದಳು, ತಿಂಡಿ ವಿಚಾರಿಸಿದಳು, ಬೆಲ್ಟು ಬಿಗಿದಳು, ಏಳಿ ಎಂದಳು. ತಾತ ಎದ್ದರು. ಹತ್ತಿರದ ಕಿಟಕಿಯವರೆಗೆ ಹೋಗಿ, ಕೆಳಗೆ ನಿಂತಿದ್ದ ಗಾಡಿಗಳನ್ನು ನೋಡಿ, ನೀಲಿ ಗಾಡಿಯನ್ನು ಎಷ್ಟು ಕೆಟ್ಟದಾಗಿ ನಿಲ್ಲಿಸಿದ್ದಾರೆ ಎಂದು ಬೈದರು. ವಾರ್ಡೆಲ್ಲ ನಕ್ಕಿತು.

ಸೊಸೆ ದುಡಿಯುವುದನ್ನು ಅತ್ತೆ ಕಣ್ಣಾರೆ ಕಂಡದ್ದು ಅದೇ ಮೊದಲು. ಇಷ್ಟು ವರ್ಷ ಡಬ್ಬಿ ಕಟ್ಟಿ ಕಳಿಸಿದ್ದರು, ಯಾವ ಕೆಲಸಕ್ಕೆ ಎಂದು ನೋಡಿರಲಿಲ್ಲ. ಬೆಲ್ಟಕ್ಕ ವಾಪಸು ಬಂದಾಗ ಅವರ ಕಣ್ಣು ಒದ್ದೆಯಾಗಿತ್ತು, ದನಿ ಮಾತ್ರ ಖಡಕ್ಕಾಗಿತ್ತು.

"ಮನೇಲಿ ನೀನು ನನ್ನ ಹತ್ರ ಬೇಡ್ಕೋತೀಯ. ನೀನು ಅತ್ರೆ, ನಾನು ಇನ್ನು ಏಳೋದೇ ಇಲ್ವೇನೋ ಅಂತ ಭಯ ಆಗತ್ತೆ. ಅವರಿಗೆ ಹೇಳಿದ ಹಾಗೆ ನನಗೂ ಹೇಳು."

ಬೆಲ್ಟಕ್ಕ ಕಣ್ಣೊರೆಸಿಕೊಂಡಳು. ಎದುರು ಮೊಣಕಾಲೂರಿ ಕೂತು ಅತ್ತೆಯ ಚಪ್ಪಲಿಯನ್ನು ತಡಕಿದಳು. ಬೆಳಿಗ್ಗೆ ಎರಡು ಬ್ರೆಡ್ಡು, ಒಂದು ಲೋಟ ಹಾಲು ಆಗಿದೆ ಎಂಬ ವರದಿ ಪಡೆದಳು. ಬಾಗಿಲಿಗೆ ಬಂದಿದ್ದ ಫಿಸಿಯೋ ಮೇಡಂ ವಾಕರ್ ಮುಂದಿಟ್ಟರು. ಬೆಲ್ಟು ಬಿಗಿದಾಯಿತು. ಏಳಿ ಎನ್ನುವಾಗ ಅವಳ ದನಿ ಒಂದಿಷ್ಟೂ ನಡುಗಲಿಲ್ಲ, ಅದಕ್ಕಾಗಿ ಎಷ್ಟು ಕಷ್ಟಪಟ್ಟಳೋ ಅವಳಿಗೇ ಗೊತ್ತು. ಅತ್ತೆ ಎದ್ದು ನಿಂತರು. ಮೂರು ಹೆಜ್ಜೆ ಇಟ್ಟು, ಸಾಕು, ಇವತ್ತಿಗೆ ಇಷ್ಟೇ ಎಂದು ಕೂತರು.

ಈಗ ಮನೆಯಲ್ಲೂ ಬೆಳಿಗ್ಗೆ ತಿಂಡಿಯಾದ ಮೇಲೆ, ಸಂಜೆ ಡ್ಯೂಟಿ ಮುಗಿದ ಮೇಲೆ ಪಾಠ ನಡೆಯುತ್ತದೆ. ಅತ್ತೆ ಮಂಚದಿಂದ ಅಡುಗೆಮನೆಯ ಹೊಸ್ತಿಲವರೆಗೆ ಬರುತ್ತಾರೆ, ಪಾತ್ರೆ ಜೋಡಿಸಿದ ರೀತಿಗೆ ತಕರಾರು ತೆಗೆದು ವಾಪಸಾಗುತ್ತಾರೆ. ಬೆರಳು ಚುಚ್ಚುವುದು ನಿಂತಿಲ್ಲ. ಬಂದ ಅಂಕಿ ಮನೆಯಿಂದಾಚೆ ಹೋಗುವುದಿಲ್ಲ, ವೈದ್ಯೆಗೆ ಬಿಟ್ಟು. ಕಡಿಮೆ ಬಂದರೆ ಹೊಗಳಿಕೆಯಿಲ್ಲ, ರಾತ್ರಿ ಊಟದ ವಿಚಾರಣೆ ಇದೆ.

ನಿಮಗೇನು ಆಸೆ ಎಂದು ಕೇಳಿದರೆ ಬೆಲ್ಟಕ್ಕ ನಾಚಿಕೊಳ್ಳುತ್ತಾಳೆ. ಸಂಬಳ ಹೆಚ್ಚಾದರೆ ಬೇಡ ಅನ್ನುವುದಿಲ್ಲವಂತೆ. ಬೆಲ್ಟನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿ ಆಮೇಲೆ ಹೇಳುತ್ತಾಳೆ.

"ಅತ್ತೆ ಬಿದ್ದಾಗಿಂದ ಮನೆ ಬೀಗ ನಾನೇ ತೆಗೆದು ಒಳಗೆ ಹೋಗ್ತೀನಿ. ಮೊದಲೆಲ್ಲ ನಾನು ಬೆಲ್ ಒತ್ತೋದ್ರೊಳಗೆ ಅವರೇ ಬಂದಿರ್ತಿದ್ರು. ಒಂದು ದಿನ ಮತ್ತೆ ಬಂದು ಬಾಗಿಲು ತೆಗೀಬೇಕು. ನಿಧಾನಕ್ಕೆ ಬರ್ಲಿ, ನಾನು ಹೊರಗೆ ಎಷ್ಟು ಹೊತ್ತು ಬೇಕಾದ್ರೂ ಕಾಯ್ತೀನಿ."