ಕೆಳಮನೆಯ ಅನಿಮೋನ್

ಗಾಜಿನ ಟ್ಯಾಂಕಿನ ಎರಡು ಕಿತ್ತಳೆ ಬಣ್ಣದ ಕ್ಲೌನ್ ಮೀನುಗಳಲ್ಲಿ ಚಿಕ್ಕದರ ನಡುವಿನ ಬಿಳಿ ಪಟ್ಟಿ ಬೆನ್ನಿನ ಹತ್ತಿರ ತುಂಡಾಗಿತ್ತು. ಅದು ನನ್ನ ಮೀನಲ್ಲ. ಹೆಬ್ಬಗೋಡಿಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಕೆಳಗೆ ಓನರ್ ಕುಟುಂಬವಿತ್ತು. ಮೀನು ಅವರ ಸೊಸೆಯದು. ಆದರೂ ಆ ಪಟ್ಟಿ ಎಲ್ಲಿ ತುಂಡಾಗಿದೆ ಎಂದು ಅವಳಿಗಿಂತ ನನಗೇ ಚೆನ್ನಾಗಿ ಗೊತ್ತಿತ್ತು.

ಸಮುದ್ರದ ಮೀನು ಸಾಕುವ ಬಗ್ಗೆ ನಾನು ಏಳು ತಿಂಗಳಿಂದ ಓದುತ್ತಿದ್ದೆ. ಯಾವ ಮೀನು ಯಾವುದರ ಜೊತೆ ಹೊಂದುತ್ತದೆ, ಎಷ್ಟು ದೊಡ್ಡದಾಗುತ್ತದೆ, ಏನು ತಿನ್ನುತ್ತದೆ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಕ್ಲೌನ್ ಮೀನುಗಳು ಮನೆ ಮಾಡಿಕೊಳ್ಳುವ, ಹೂವಿನಂತೆ ಅರಳುವ ಅನಿಮೋನ್ ಎಂಬ ಪ್ರಾಣಿ ನನಗೆ ಬೇಕಿತ್ತು. ಹೊಸ ಟ್ಯಾಂಕಿನಲ್ಲಿ ಅದು ಬದುಕುವುದು ಕಷ್ಟ, ನೀರು ಹದಕ್ಕೆ ಬರಲು ತಿಂಗಳುಗಟ್ಟಲೆ ಬೇಕು ಎಂದು ಓದಿ, ನನ್ನ ಟ್ಯಾಂಕಿನಲ್ಲಿ ಬರೀ ಕಲ್ಲು, ಉಪ್ಪುನೀರು ಇಟ್ಟುಕೊಂಡು ಕಾಯುತ್ತಿದ್ದೆ. ಟೆರೇಸಿಗೆ ಬಟ್ಟೆ ಒಣಹಾಕಲು ಹೋಗುತ್ತಿದ್ದ ಓನರ್ ಆಂಟಿ ಒಳಗೆ ಇಣುಕಿ, "ಏನವ್ವಾ ಇದು, ಬರೀ ನೀರ್ ಸಾಕ್ಕಂಡಿದ್ದೀಯಾ?" ಎಂದು ನಕ್ಕಿದ್ದರು.

ನನ್ನ ಟ್ಯಾಂಕು ನೋಡಿದ ಸೊಸೆ ಒಂದೇ ವಾರದಲ್ಲಿ ಮಾರತ್ತಹಳ್ಳಿಯ ಅಂಗಡಿಯಿಂದ ಟ್ಯಾಂಕು, ಜೋಡಿ ಮೀನು, ಅನಿಮೋನ್ ಎಲ್ಲ ತರಿಸಿದಳು. ಏನನ್ನೂ ಓದಿರಲಿಲ್ಲ. ಮೂರನೇ ದಿನಕ್ಕೆ ಅನಿಮೋನ್ ಅಂಗೈಯಗಲ ಅರಳಿತು, ಮೀನುಗಳು ಅದರೊಳಗೆ ಹೊಕ್ಕವು. ತುಂಬಾ ಚೆನ್ನಾಗಿದೆ ಎಂದೆ. ಹೊಟ್ಟೆ ಉರಿಯುತ್ತಿತ್ತು. ಮೇಲೆ ಬಂದು ನೋಟ್‌ಬುಕ್ಕನ್ನು ಬಟ್ಟೆಗಳ ಕೆಳಗೆ ತುರುಕಿದೆ.

ಆಮೇಲೆ ಏನಾದರೊಂದು ನೆಪ ಮಾಡಿ ಕೆಳಗಿಳಿಯುತ್ತಿದ್ದೆ. ಒಂದು ಸಂಜೆ ಹೋದಾಗ, ಟ್ಯಾಂಕಿನಲ್ಲಿ ನೀರು ಆವಿಯಾಗಿ ಕಡಿಮೆಯಾದಷ್ಟಕ್ಕೆ ಅವಳು ಉಪ್ಪು ಕಲಸಿದ ನೀರನ್ನೇ ಸುರಿಯುತ್ತಿದ್ದಳು. "ಸಮುದ್ರದ್ ಮೀನಲ್ವಾ ಅಕ್ಕ, ಸಪ್ಪೆ ನೀರು ಹಾಕಿದ್ರೆ ಸತ್ತೋಗಲ್ವಾ?" ಎಂದಳು. ಆವಿಯಾಗುವುದು ನೀರು ಮಾತ್ರ. ಉಪ್ಪು ಅಲ್ಲೇ ಉಳಿಯುತ್ತದೆ. ಹೀಗೆ ಸುರಿದರೆ ದಿನೇ ದಿನೇ ಉಪ್ಪು ಏರುತ್ತದೆ. ಅದು ನನ್ನ ನೋಟ್‌ಬುಕ್ಕಿನ ಎರಡನೇ ಪುಟದಲ್ಲಿತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಹೂಂ ಎಂದೆ.

ಮೂರು ವಾರ ನೋಡುತ್ತಲೇ ಇದ್ದೆ. ಅನಿಮೋನ್ ಮುದುಡಿ ನಿಂಬೆಹಣ್ಣಿನಷ್ಟಾಯಿತು. ಮೀನುಗಳು ಅದನ್ನು ಬಿಟ್ಟು ಫಿಲ್ಟರ್ ಪೈಪಿನ ಪಕ್ಕ ನಿಲ್ಲತೊಡಗಿದವು. ನನಗೆ ಮೊದಲು ಬಂದದ್ದು ಮರುಕವಲ್ಲ, ಓದಿದ್ದು ಸುಳ್ಳಾಗಲಿಲ್ಲ ಎಂಬ ಸಮಾಧಾನ.

ಒಂದು ಭಾನುವಾರ ಅವಳೇ ಮೇಲೆ ಬಂದಳು. ಇದು ಹೋದರೆ ಇನ್ನೊಂದು ತಗೊಂಡು ಹೋಗಿ ಎಂದು ಅಂಗಡಿಯವನು ಅಂದನಂತೆ. "ನಂಗೆ ಬೇರೇದು ಬೇಡ ಅಕ್ಕ, ಇದೇ ಉಳೀಬೇಕು. ನೀವು ಅಷ್ಟೊಂದು ಓದಿದೀರಲ್ಲ, ನಾನೇನ್ ತಪ್ಪು ಮಾಡ್ದೆ ಹೇಳಿ" ಎಂದಳು. ನಾಳೆ ಬಂದು ನೋಡುತ್ತೇನೆ ಎಂದೆ. ನೋಡುವುದಕ್ಕೆ ಏನೂ ಇರಲಿಲ್ಲ, ಕಾರಣ ನನಗೆ ಗೊತ್ತೇ ಇತ್ತು.

ಮರುದಿನ ಬೆಳಿಗ್ಗೆ ಆಫೀಸ್ ಕ್ಯಾಬ್ ಬರುವ ಮೊದಲು ಉಪ್ಪಳೆಯುವ ಮೀಟರನ್ನೂ, ನನ್ನ ಟ್ಯಾಂಕಿಗೆಂದು ಹಿಡಿದಿಟ್ಟಿದ್ದ ಫಿಲ್ಟರ್ ನೀರಿನ ಕ್ಯಾನನ್ನೂ, ಬಟ್ಟೆಗಳ ಕೆಳಗಿದ್ದ ನೋಟ್‌ಬುಕ್ಕನ್ನೂ ತೆಗೆದುಕೊಂಡು ಇಳಿದೆ. ಎರಡು ಮಗ್ ಉಪ್ಪುನೀರು ತೆಗೆದು ಎರಡು ಮಗ್ ಸಪ್ಪೆ ನೀರು ಬಿಟ್ಟೆ. ಒಮ್ಮೆಲೇ ಇಳಿಸಬಾರದು, ದಿನವೂ ಇಷ್ಟಿಷ್ಟೇ ಎಂದು ತೋರಿಸಿದೆ. "ನಿಮ್ಗೆ ಮೊದ್ಲೇ ಗೊತ್ತಿತ್ತಾ ಅಕ್ಕ?" ಎಂದು ಕೇಳಿದಳು. ಗೊತ್ತಿತ್ತು ಎಂದೆ. ನೋಟ್‌ಬುಕ್ಕನ್ನು ಅವಳ ಟ್ಯಾಂಕಿನ ಪಕ್ಕ ಇಟ್ಟು ಹೋಗಿ ಕ್ಯಾಬ್ ಹತ್ತಿದೆ.